ಐದನೇ ವರ್ಗದ ಭೀಮಾಶಂಕರ

ಬುಧವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಉಮಾಶ್ರೀಗೆ ಗಂಡನ ಇಷ್ಟಲಿಂಗ ದೇವರ ಕೋಣೆಯಲ್ಲಿ ಸಿಕ್ಕಿತು. ಗಂಡ ಭೀಮಾಶಂಕರ ಆ ಹೊತ್ತಿಗೆ ಕಾಸಾರಶಿರಸಿಯ ಮನೆಯಿಂದ ಹೊರಟು ತಾನು ಕಲಿಸುವ ನಿಲಂಗಾದ ಶಾಲೆ ತಲುಪಿದ್ದ. ಲಿಂಗ ಕಟ್ಟುವ ದಾರ ಸವೆದಿತ್ತೆಂದು ಹಿಂದಿನ ದಿನ ಅವಳೇ ಹೊಸದು ಹಾಕಿ ಕೊಟ್ಟಿದ್ದಳು. ಪೂಜೆ ಮುಗಿಸಿ ಕೊರಳಿಗೆ ಹಾಕಿಕೊಳ್ಳುವುದೊಂದೇ ಅವನ ಪಾಲಿನ ಕೆಲಸ.

ಲಿಂಗ ಮೈಮೇಲಿಲ್ಲದೆ ಅವನು ಒಂದು ತುತ್ತೂ ತಿನ್ನುವವನಲ್ಲ. ಕನ್ನಡಕ, ಬಸ್ ಪಾಸು, ಮೊಬೈಲು ಎಲ್ಲ ಮರೆಯುತ್ತಾನೆ, ಈ ನೇಮವನ್ನು ಮಾತ್ರ ಮರೆಯುವುದಿಲ್ಲ.

"ನಿಮ್ಮ ಮಗ ಇವತ್ತ ಉಪವಾಸ ಬೀಳ್ತಾರ್ರೀ ಅತ್ತಿ."

ಪ್ರಯಾಗಬಾಯಿ ತೊಗರಿಬೇಳೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಮೂವತ್ತೆರಡ ವರ್ಷ ನಾ ಸಂಭಾಳಿಸೀನಿ. ಮದಿವ್ಯಾಗ ಅಕ್ಕಿಕಾಳ ಬಿದ್ದ ದಿನ ನಿನ್ನ ಉಡ್ಯಾಗ ಹಾಕೀನಿ. ಈಗ ನಿನ್ನ ಕೂಸು, ನೀ ನೋಡ್ಕೋ."

ಉಮಾಶ್ರೀ ಅಂದೇ ಉದಗೀರಕ್ಕೆ, ತಂಗಿ ಪೂನಮಳ ಮನೆಗೆ ಹೊರಟಿದ್ದಳು. ನಾಲ್ಕು ದಿನ ಇರುವ ಆಸೆ. ಮದುವೆಯಾದ ಮೂರು ವರ್ಷದಲ್ಲಿ ಮೂರು ಸಲ ಹೀಗೆ ಹೋಗಿ, ಮೂರೂ ಸಲ ಮರುದಿನವೇ ಮರಳಿದ್ದಳು. ಒಮ್ಮೆ ಅವನಿಗೆ ಜ್ವರ, ತೊಂಬತ್ತೊಂಬತ್ತು ಡಿಗ್ರಿ. ಒಮ್ಮೆ ಆಧಾರ್ ಕಾರ್ಡ್ ಸಿಗಲಿಲ್ಲ. ಮೂರನೆಯ ಸಲ ಕಾರಣವೇ ಇರಲಿಲ್ಲ. "ಯಾವಾಗ ಬರ್ತಿ?" ಎಂದು ಫೋನಿನಲ್ಲಿ ಕೇಳಿದ ದನಿಗೆ ಅವಳ ಕರುಳು ಕರಗಿತ್ತು. ಅಡುಗೆಗೆ ಅತ್ತೆ ಇದ್ದರು. ಹುಡುಕಿಕೊಡುವುದಕ್ಕೆ ಮಾತ್ರ ಇವಳೇ ಬೇಕು.

ಹನ್ನೊಂದೂವರೆಗೆ ಅವಳು ಶಾಲೆಯ ಗೇಟಿನಲ್ಲಿದ್ದಳು. ಉದಗೀರದ ನೇರ ಬಸ್ಸು ಹನ್ನೆರಡು ಹತ್ತಕ್ಕೆ. ಪಾಠದ ಹೊತ್ತಿನಲ್ಲಿ ಗಂಡನ ಫೋನು ಬಂದ್. ಗೇಟು ಕಾಯುವ ಪಂಡಿತ ಕೆಲಸಕ್ಕೆ ಸೇರಿ ನಾಲ್ಕು ದಿನವಾಗಿತ್ತು. ಬಂದವರ ರಜಿಸ್ಟರು ತೆರೆದ.

"ಯಾರಿಗಿ ಭೇಟಿ ಆಗೂದು?"

"ಐದನೇ ವರ್ಗದಾಗ ಅದಾರ. ಊಟದ ಹೊತ್ತಿನೊಳಗ ಇದು ಮುಟ್ಟಬೇಕ್ರೀ. ಇಲ್ಲಂದ್ರ ಉಪವಾಸ ಕೂಡೂದೇ. ಎಷ್ಟ ಹೇಳಿದ್ರೂ ಮರೀತಾರ."

"ಎಲ್ಲಾ ಹುಡುಗುರೂ ಹಂಗೇ ಅಕ್ಕಾ. ಹೆಸರೇನು?"

ಅವರ ಮನೆತನದಲ್ಲಿ ಹೆಂಡತಿ ಗಂಡನ ಹೆಸರನ್ನು ಹಾಗೆಲ್ಲ ಹೇಳುವುದಿಲ್ಲ. ಮದುವೆಮನೆಯಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿದಾಗ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರು ಸೇರಿಸಿ ಹೇಳಬೇಕು. ಗೇಟಿನವನ ಮುಂದೆ ಒಡಪು ಹೇಳುವುದು ಅವಳಿಂದಾಗದು. ಬರೆಯಲು ಅಡ್ಡಿಯಿರಲಿಲ್ಲ. ಪೆನ್ನು ಇಸಿದುಕೊಂಡು 'ಭೀಮಾಶಂಕರ ಕಾಶೆಪ್ಪ' ಎಂದು ಬರೆದಳು. ಪಂಡಿತನಿಗೆ ಗುರುಗಳ ಅಡ್ಡಹೆಸರುಗಳಷ್ಟೇ ಗೊತ್ತು. ಉಳಿದ ಅಂಕಣಗಳನ್ನು ಅವನೇ ತುಂಬಿದ. ವರ್ಗ: ಐದು. ಸಂಬಂಧ: ತಾಯಿ.

ತಿದ್ದಿಸಬೇಕೆಂದು ಅವಳು ಬಾಯಿ ತೆರೆದಳು. ಬೆಳಿಗ್ಗೆ ಅವನನ್ನು ಎರಡು ಸಲ ಎಬ್ಬಿಸಿದ್ದು, ಹಾಲು ಕುಡಿದ ಮೇಲೆ ಮೀಸೆ ಒರೆಸಿಕೊಳ್ಳಲು ಹೇಳಿದ್ದು ನೆನಪಾಯಿತು. ಬಾಯಿ ಮುಚ್ಚಿದಳು.

ಪಂಡಿತ ಗೇಟಿನ ಎದುರಿಗೇ ಇದ್ದ ಐದನೇ ವರ್ಗದ ಬಾಗಿಲಿಗೆ ಹೋಗಿ ಕೂಗಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. "ಭೀಮಾಶಂಕರ ಕಾಶೆಪ್ಪ ಯಾಂವಲೇ? ನಿಮ್ಮವ್ವ ಬಂದಾಳ, ನಡಿ!"

ಮಕ್ಕಳು ಮುಖ ಮುಖ ನೋಡಿಕೊಂಡರು. ಬೋರ್ಡಿನ ಮುಂದೆ ಸುಣ್ಣದ ಕಡ್ಡಿ ಹಿಡಿದು ನಿಂತಿದ್ದವನು "ನಾನೇ" ಅಂದ. ಆಮೇಲೆ ಎದ್ದ ನಗೆ ಹೆಡ್ಮಾಸ್ತರರ ಕೋಣೆಯವರೆಗೂ ಹೋಯಿತು.

ಭೀಮಾಶಂಕರ ಓಡಿಬಂದ. "ಅವ್ವಗ ಏನಾತು?"

"ಏನೂ ಆಗಿಲ್ರಿ. ಬ್ಯಾಳಿ ಆರಿಸ್ಲಿಕತ್ತಾರ."

"ಮತ್ತ ಅವ್ವ ಬಂದಾಳ ಅಂದನಲ್ಲ ಇಂವಾ?"

ಅವಳು ರಜಿಸ್ಟರು ತೋರಿಸಿದಳು. ಓದಿದವನ ಕಿವಿ ಕೆಂಪಾದವು. ಆಮೇಲೆ ಅವಳ ಕೈಯಲ್ಲಿದ್ದುದನ್ನು ನೋಡಿ ಎದೆ ಮುಟ್ಟಿಕೊಂಡ. ಲಿಂಗವನ್ನು ಕಣ್ಣಿಗೊತ್ತಿ ಕೊರಳಿಗೆ ಹಾಕಿಕೊಂಡ.

"ನೀ ಯಾಕ ತಿದ್ದಲಿಲ್ಲ?"

"ಏನಂತ ತಿದ್ದಲಿ? ಖರೇನೇ ಬರದಾನ."

ಕಿಟಕಿಯಿಂದ ಒಂದು ಮಗು ಕೂಗಿತು, "ಸರ್, ಅವ್ವನ ಮಾತ ಕೇಳ್ರಿ!"

ಅವನು ಪೆನ್ನು ತೆಗೆದು 'ತಾಯಿ' ಹೊಡೆದುಹಾಕಿ 'ಪತ್ನಿ' ಎಂದು ಬರೆದ. ಪಕ್ಕದಲ್ಲಿ ಸಹಿಯನ್ನೂ ಮಾಡಿದ. ಪಂಡಿತ ನಾಲಿಗೆ ಕಚ್ಚಿಕೊಂಡ.

"ಈಗ ಸರಿ ಆತು," ಅಂದ ಭೀಮಾಶಂಕರ.

"ರಜಿಸ್ಟರದಾಗ ಆತು," ಅಂದಳು ಉಮಾಶ್ರೀ, ಚೀಲ ಹೆಗಲಿಗೇರಿಸುತ್ತ. "ನಾಕ ದಿನ ಫೋನ ಮಾಡಬ್ಯಾಡ್ರಿ. ಏನರ ಬೇಕಾದ್ರ ಹುಡಕ್ರಿ, ಸಿಗತದ."

"ಸಿಗಲಿಲ್ಲಂದ್ರ?"

"ಅದು ಬಿಟ್ಟು ಬದುಕ್ರಿ."

ಹನ್ನೆರಡು ಹತ್ತರ ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಮರುದಿನ ಬೆಳಿಗ್ಗೆ ಎಂಟರೊಳಗೆ ಅವನಿಂದ ಏಳು ಕರೆ ಬಂದವು. ಪ್ರತಿ ಸಲ ಪೂನಮ ಫೋನು ಎತ್ತದಂತೆ ಅಕ್ಕನ ಕೈ ಹಿಡಿದು ಕೂತಳು. ಎಂಟನೆಯ ಕರೆ ಅತ್ತೆಯದು, ಅದನ್ನು ಎತ್ತಿದಳು.

"ಸಾಲಿಗಿ ಹೋಗ್ಯಾನವಾ," ಅಂದರು ಪ್ರಯಾಗಬಾಯಿ. "ಒಂದು ಕಾಲಿಗಿ ಕರೇ ಸಾಕ್ಸು, ಒಂದಕ್ಕ ಕಂದು. ನಾ ನೋಡಿ ಸುಮ್ಮ ಕುಂತೆ. ನೀ ಆರಾಮ ಇರು."

ಉಮಾಶ್ರೀ ಉದಗೀರದಲ್ಲಿ ಆರು ದಿನ ಇದ್ದಳು.