ಪದ ಬಿಡಿಸುವ ಕೆಲಸ

ಊಟ ಮುಗಿಸಿ ಬಂದು ಕೂತಾಗ ದಿವ್ಯಾಳ ಪರದೆ ತುಂಬ ಕೆಂಪು ಸಾಲುಗಳಿದ್ದವು. ಬೆಳಿಗ್ಗೆಯಿಂದ ಮಾಡಿದ್ದರಲ್ಲಿ ಅರ್ಧಕ್ಕರ್ಧ ವಾಪಸ್ ಬಂದಿತ್ತು. ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. ಕೆಳಗಿನ ಎಣ್ಣೆ ಮಿಲ್ಲಿನ ಗಡಗಡಕ್ಕೆ ಮೇಜು ಸಣ್ಣಗೆ ನಡುಗುತ್ತಿತ್ತು.

ಚಳ್ಳಕೆರೆಯ ಆ ಮಹಡಿ ಕೋಣೆಯ ಕೆಲಸ ಹೇಳಲು ಸುಲಭ. ಕಂಪ್ಯೂಟರಿಗೆ ಕನ್ನಡ ಕಲಿಸಲು ಹೊರಟ ಯಾವುದೋ ಕಂಪನಿ ರಾಶಿ ರಾಶಿ ವಾಕ್ಯ ಕಳಿಸುತ್ತದೆ. ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ನೋಡಿ ಗೆರೆ ಎಳೆಯಬೇಕು. ನಡುವೆ ಖಾಲಿ ಜಾಗವಿದ್ದರೆ ಯಂತ್ರಕ್ಕೇ ತಿಳಿಯುತ್ತದೆ. ಪದಗಳು ಅಂಟಿಕೊಂಡು ಬಂದರೆ ಕಂಗೆಡುತ್ತದೆ. ‘ಮನೆಗೆಲಸ’ವನ್ನು ‘ಮನೆಗೆ’ ಮತ್ತು ‘ಲಸ’ ಎಂದು ಕತ್ತರಿಸಿ ಕೂರುತ್ತದೆ. ಒಂದೇ ವಾಕ್ಯ ಇಬ್ಬರ ಕೈಗೆ ಹೋಗುತ್ತದೆ. ಒಬ್ಬರು ಯಾರೆಂದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ, ಕೇಳಿಕೊಂಡು ಮಾಡುವಂತೆಯೂ ಇಲ್ಲ. ಗೆರೆಗಳು ಹೊಂದಿದರೆ ಸರಿ. ಹೊಂದದಿದ್ದರೆ ಇಬ್ಬರಿಗೂ ಕೆಂಪು, ಮತ್ತೆ ಮೊದಲಿನಿಂದ.

ದಿವ್ಯಾಳ ಪಾಲಿಗೆ ಬಂದಿದ್ದ ಆ ಇನ್ನೊಬ್ಬರು ಎಲ್ಲವನ್ನೂ ಒಡೆಯುವವರು. ‘ಬಂದಿಲ್ಲವಂತೆ’ ಎಂಬುದು ದಿವ್ಯಾಳಿಗೆ ಒಂದೇ ಪದ. ಆ ಕಡೆಯವರಿಗೆ ಅದು ಬಂದು, ಇಲ್ಲ, ಅಂತೆ ಎಂದು ಮೂರು.

“ಅಣ್ಣಾ, ಆ ಕಡೆ ಯಾವನೋ ಕಟುಕ ಕುಂತವ್ನೆ. ಕಂಡಕಂಡ ಪದಾನೆಲ್ಲ ಕಡೀತಾನೆ,” ಎಂದು ಅವಳು ಕೋಣೆಯ ಉಸ್ತುವಾರಿ ಬಾಲರಾಜುವಿಗೆ ಹೇಳಿದಳು.

“ನಂಗೇನ್ ಗೊತ್ತಮ್ಮ? ಜೋಡಿ ಮಾಡೋರು ಮೇಲಿನೋರು. ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋ.”

“ಯಾರಂತ ತಿಳೀದೆ ಹೆಂಗ್ ಮಾಡ್ಕೊಳ್ಳಲಿ?”

ಬಾಲರಾಜು ಮತ್ತೆ ತನ್ನ ಪರದೆಗೆ ತಿರುಗಿದ. ದಿನಾ ಇಂಥದ್ದೇ ದೂರು ಕೇಳಿ ಅವನಿಗೂ ಬೇಜಾರಾಗಿತ್ತು.

ಪ್ರತಿ ಸಾಲಿನ ಪಕ್ಕದಲ್ಲಿ ಟಿಪ್ಪಣಿ ಬರೆಯಲು ಇಬ್ಬರಿಗೂ ಕಾಣುವ ಒಂದು ಚೌಕವಿತ್ತು. ಯಾರೂ ಅಲ್ಲಿ ಏನೂ ಬರೆಯುತ್ತಿರಲಿಲ್ಲ. ಆ ದಿನ ಒಂದು ಕೆಂಪು ಸಾಲಿನ ಪಕ್ಕ ಹೀಗಿತ್ತು: ‘ವಕಾರಾಗಮ ಸಂಧಿ. ಮತ್ತೊಮ್ಮೆ ನೋಡು ಮಗು.’

ದಿವ್ಯಾ ಅದನ್ನು ಎರಡು ಸಲ ಓದಿದಳು. ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ಅವಳ ಉತ್ತರಪತ್ರಿಕೆಗಳ ಅಂಚಿನಲ್ಲಿ ಈ ಮಾತು ಎಷ್ಟು ಸಲ ಬಂದಿತ್ತೋ. ಕನ್ನಡದ ದಾಕ್ಷಾಯಿಣಿ ಮೇಡಂ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ, ಎಲ್ಲರೂ ಮಗುವೇ. ಹಳೆಯ ಗೆಳತಿ ಸ್ವಪ್ನಳನ್ನು ಕೇಳಿ ನಂಬರ್ ಪಡೆದು ಫೋನು ಮಾಡಿದಳು.

“ಮೇಡಂ, ನಾನು ರಾಂಪುರದ ದಿವ್ಯಾ. ಹುಲಿಯಪ್ಪನ ಮಗಳು.”

“ಹಿಂದಿನ ಬೆಂಚಲ್ಲಿ ತೂಕಡಿಸ್ತಿದ್ದೋಳು?”

“ಹೂಂ ಮೇಡಂ. ಈಗ್ಲೂ ತೂಕಡಿಕೆ ಬರ್ತೈತೆ. ನೀವು ಪದ ಒಡ್ದಿದ್ದು ನೋಡೀ ನೋಡೀ.”

ಮೇಡಂ ನಕ್ಕರು. ನಗುವುದಕ್ಕೂ ತ್ರಾಣವಿಲ್ಲದವರ ನಗು ಅದು. “ಅಯ್ಯೋ, ಒಂದನ್ನೂ ಬಿಡಿಸದ ಆ ಸೋಮಾರಿ ನೀನೇನೆ?”

ಅಷ್ಟರಲ್ಲಿ ಒಳಗಿಂದ ಯಾರೋ “ದಾಕ್ಷೀ” ಎಂದು ಕರೆದದ್ದು ಕೇಳಿಸಿತು. “ಬಂದೆ ಅತ್ತೆ,” ಎಂದರು ಮೇಡಂ. ಅತ್ತೆ ಅನ್ನಪೂರ್ಣಮ್ಮ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. ನೆನಪು ನಿಲ್ಲುತ್ತಿರಲಿಲ್ಲ, ಕರೆದಿದ್ದನ್ನೇ ಮರೆತು ಮತ್ತೆ ಕರೆಯುತ್ತಿದ್ದರು. ಗಂಡ ಜಂಬುಲಿಂಗಪ್ಪ ಬೆಳಿಗ್ಗೆ ಸೀರೆ ಅಂಗಡಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಿವೃತ್ತಿಯ ನಂತರ ಮೇಡಂ ಮನೆ ಬಿಟ್ಟು ಕದಲಿರಲಿಲ್ಲ. ಮಂಚದ ಪಕ್ಕ ಕೂತು ಮಾಡಬಹುದಾದ ಕೆಲಸ ಇದೊಂದೇ ಸಿಕ್ಕಿತ್ತು.

“ಸಂಧಿ ಆದ್ಮೇಲೆ ಬಿಡಿಸಬೇಕಲ್ಲೇನೆ? ಅಷ್ಟು ವರ್ಷ ನಾನು ಕಲಿಸಿದ್ದೇನು?”

“ಬಿಡಿಸಿದ್ರೆ ಅದು ಜನ ಆಡೋ ಮಾತಾಗಲ್ಲ ಮೇಡಂ. ನೀವೂ ಈಗ ಬಿಡಿಸ್ಕೊಂಡು ಮಾತಾಡ್ತಿಲ್ವಲ್ಲ.”

ಇಬ್ಬರ ಮಾತಿನಲ್ಲೂ ಹುರುಳಿತ್ತು. ಜಗ್ಗಾಡುವ ಶಕ್ತಿ ಮಾತ್ರ ಇಬ್ಬರಲ್ಲೂ ಉಳಿದಿರಲಿಲ್ಲ. ಮಾರನೆಯ ದಿನದಿಂದ ಕಳಿಸುವ ಮೊದಲು ಫೋನಿನಲ್ಲಿ ಕೇಳಿಕೊಳ್ಳತೊಡಗಿದರು. ಒಂದು ಪದಕ್ಕೆ ಇವಳು ಸೋತರೆ ಇನ್ನೊಂದಕ್ಕೆ ಅವರು. ಕೆಂಪು ನಿಂತಿತು. ದಿವ್ಯಾ ಹೊತ್ತಿಗೆ ಸರಿಯಾಗಿ ಮನೆ ಸೇರುವಂತಾಯಿತು. ನಡುನಡುವೆ ಬೇರೆ ಮಾತೂ ಬರುತ್ತಿತ್ತು. ಬೇರೆಯವರ ಮಾತು ಕೇಳಿ ತಿಂಗಳಾಗಿತ್ತು ಕಣೆ ಎಂದು ಮೇಡಂ ಒಮ್ಮೆ ಅಂದರು.

ಒಂದು ದಿನ ಬಾಲರಾಜು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತ. “ಮೇಲಿಂದ ಮೆಸೇಜ್ ಬಂದೈತೆ. ಒಬ್ರುದು ಒಬ್ರು ನೋಡಿ ಹಾಕ್ತಿದೀರಂತೆ. ಮನುಷ್ಯರಿಬ್ರು ಇಷ್ಟೊಂದು ಒಪ್ಪಲ್ಲ ಅಂತ ಸಾಫ್ಟ್‌ವೇರೇ ಹೇಳೈತಂತೆ.”

ದಿವ್ಯಾ ಇದ್ದದ್ದನ್ನು ಹೇಳಿಬಿಡೋಣವೆಂದು ಹೊರಟಳು. ಅವನು ತಡೆದ. “ಆ ಕಡೆಯೋರು ಆಗ್ಲೇ ಬರ್ದವ್ರೆ. ‘ನನ್ನ ಕಣ್ಣು ಮಂಜು, ಆ ಹುಡುಗಿಯಿಂದ ಉಪಾಯ ಮಾಡಿ ಕೇಳಿ ತಿಳಿದು ಹಾಕುತ್ತಿದ್ದೆ, ಯಾಕೆ ಕೇಳುತ್ತೇನೆಂದು ಅವಳಿಗೆ ಗೊತ್ತಿಲ್ಲ’ ಅಂತ. ಅವ್ರನ್ನ ತೆಗೆದ್ರು. ನಾಳೆಯಿಂದ ನಿಂಗೆ ಬೇರೆ ಜೋಡಿ.”

ಭಾನುವಾರ ದಿವ್ಯಾ ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ದಾರಿಯ ತಳಕು ಊರು ದಾಟುವವರೆಗೂ ಸಿಟ್ಟಿತ್ತು, ಆಮೇಲೆ ಅದೂ ಇಳಿಯಿತು. ಬಾಗಿಲು ತೆರೆದ ಮೇಡಂ ಅವಳ ನೆನಪಿಗಿಂತ ಗಿಡ್ಡಗಿದ್ದರು.

“ಯಾಕ್ರಿ ಮೇಡಂ ಸುಳ್ಳು ಹೇಳಿದ್ರಿ? ನಾನೂ ಸೇರೇ ಮಾಡಿದ್ದಲ್ವಾ?”

“ನಿಂಗೆ ಆ ಕೆಲಸ ಬೇಕು. ನಂಗೆ ಸಾಕಾಗಿತ್ತು.” ಮೇಡಂ ಪಡಸಾಲೆಯ ಕುರ್ಚಿಯಲ್ಲಿ ಕೂತರು. “ಬೇಜಾರು ಇಲ್ಲ ಅನ್ನಲ್ಲ. ಆದ್ರೆ ಕೆಲಸ ಹೋಯ್ತಲ್ಲ ಅಂತಲ್ಲ. ಇನ್ನು ಹಗಲು ಹೊತ್ತು ಫೋನು ಬರಲ್ವಲ್ಲ ಅಂತ.”

“ನಾನ್ ಮಾಡ್ತೀನಿ.”

“ಹೂಂ, ಮಾಡು. ಪದದ ವಿಷಯ ಮಾತ್ರ ಬ್ಯಾಡ.”

ಹಾಗೆಂದು ಅವರು ಕಣ್ಣು ಮುಚ್ಚಿಕೊಂಡರು. ಇನ್ನೇನೋ ಹೇಳುತ್ತಾರೆಂದು ದಿವ್ಯಾ ಕಾದಳು. ಅವರಿಗೆ ನಿದ್ದೆ ಬಂದಿತ್ತು.

ಒಳಗಿಂದ “ದಾಕ್ಷೀ, ನೀರು” ಎಂದು ಕೂಗು ಬಂತು. ಮೇಡಂ ಅಲುಗಲಿಲ್ಲ. ದಿವ್ಯಾ ಎದ್ದಳು. ಅಡುಗೆಮನೆಯ ಹೊಸಿಲಲ್ಲಿ ಒಂದು ಗಳಿಗೆ ನಿಂತಳು. ಈ ಓಣಿಯ ಮನೆಗಳಿಗೆ ಕೆಲಸಕ್ಕೆ ಬರುತ್ತಿದ್ದ ಅವಳ ಅವ್ವನನ್ನು ಯಾರೂ ಹಿತ್ತಲು ದಾಟಿ ಒಳಗೆ ಬಿಟ್ಟಿರಲಿಲ್ಲ. ಆಮೇಲೆ ಒಳಗೆ ಹೋಗಿ ಲೋಟ ತುಂಬಿಸಿಕೊಂಡು ಬಂದು, ಮುದುಕಿಯ ತಲೆ ಎತ್ತಿ ಹಿಡಿದು ಕುಡಿಸಿದಳು. ಅನ್ನಪೂರ್ಣಮ್ಮ ಅವಳ ಕೈ ಬಿಡಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು. ಮೇಡಂ ಏಳುವವರೆಗೆ ಇರೋಣವೆಂದು ದಿವ್ಯಾ ಮಂಚದ ಅಂಚಿಗೆ ಒರಗಿ ಕೂತಳು.