ಬೆರಕೆ ಹೂಜಿಯ ಅಂಚಿನಲ್ಲಿ

ಸಂಜೆಯೊಳಗೆ ಬರುತ್ತೇನೆಂದು ಬೆಟ್ಟಕ್ಕೆ ಹೋದ ಸೊಂದೋಯ್ ಮಾರನೆಯ ಬೆಳಿಗ್ಗೆಯಾದರೂ ಬರಲಿಲ್ಲ. ಅವನ ಹೆಂಡತಿ ಗಿವಿನ್ ಇರುಳೆಲ್ಲ ಬಾಗಿಲಲ್ಲೇ ಕೂತು ಅವನನ್ನು ಬಾಯಿಗೆ ಬಂದಂತೆ ಬೈದಿದ್ದಳು. ಬೆಳಕು ಹರಿಯುವ ಹೊತ್ತಿಗೆ ಬೈಗುಳ ಮುಗಿದು ಭಯವೊಂದೇ ಉಳಿಯಿತು. ಎಲೆಯಲ್ಲಿ ಅನ್ನ ಕಟ್ಟಿ ಬೆನ್ನುಬುಟ್ಟಿಗೆ ಹಾಕಿಕೊಂಡು, ಮೈದುನ ಲೋಜುನ್‌ನನ್ನು ಎಬ್ಬಿಸಿಕೊಂಡು ಹೊರಟಳು.

ಸೊಂದೋಯ್ ಹೋಗಿದ್ದು ಹೂಜಿ ಗಿಡ ನೋಡಲು. ಎಲೆಯ ತುದಿಯಲ್ಲಿ ನೀರು ತುಂಬಿದ ಹೂಜಿ ಬಿಟ್ಟು, ಅದರಲ್ಲಿ ಹುಳ ಬೀಳಿಸಿಕೊಂಡು ತಿನ್ನುವ ಗಿಡ ಅದು. ರಾನಾವ್ ಪೇಟೆಯ ಕಡೆಯಿಂದ ಬರುವ ಪ್ರವಾಸಿಗಳಿಗೆ ತೋರಿಸುವ ಮುಂಚೆ ಯಾವ ಹೂಜಿ ಬಾಯಿ ತೆರೆದಿದೆ, ಯಾವುದು ಬಾಡಿದೆ ಎಂದು ನೋಡಿಕೊಂಡು ಬರುವುದು ಅವನ ಕಸುಬು. ಆ ಗುಡ್ಡದಲ್ಲಿ ಹೂಜಿ ಗಿಡವೇ ದಾರಿಗಲ್ಲು. ಕೆಳಗೆ ಹಾದಿಯ ಪಕ್ಕ ಬೆಳೆಯುವುದು ದೊಡ್ಡ ಹೊಟ್ಟೆಯದು. ಅದರ ಬಾಯಂಚು ತಿಕ್ಕಿ ತೊಳೆದ ಮಡಕೆಯಷ್ಟು ನುಣುಪು. ಮೇಲೆ ಚಳಿಯಲ್ಲಿ ಬೆಳೆಯುವುದು ಹಲ್ಲಿನದು. ಅದರ ಬಾಯೊಳಗೆ ಬೆರಳಿಟ್ಟರೆ ಮೀನಿನ ಮುಳ್ಳಿನ ಹಾಗೆ ಚುಚ್ಚುತ್ತದೆ. ಇವೆರಡೂ ಕೂಡಿ ಹುಟ್ಟಿದ ಬೆರಕೆ ಒಂದಿದೆ: ದೊಡ್ಡ ಹೊಟ್ಟೆ, ಬಾಯಲ್ಲಿ ಹಲ್ಲು. ಅದು ಇರುವುದು ಒಂದೇ ಕಡೆ, ಹಿಂದೊಮ್ಮೆ ಗುಡ್ಡ ಕುಸಿದು ಬಾಯಿಬಿಟ್ಟ ಪ್ರಪಾತದ ಅಂಚಿನಲ್ಲಿ.

ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಎಂಥ ಮಂಜು ಅಂದರೆ, ಗಿವಿನ್‌ಗೆ ತನ್ನ ಮುಂದೆ ನಡೆಯುತ್ತಿದ್ದ ಲೋಜುನ್‌ನ ಬುಟ್ಟಿ ಕಾಣುತ್ತಿತ್ತು, ಲೋಜುನ್ ಕಾಣುತ್ತಿರಲಿಲ್ಲ. ಮಂಜಿನಲ್ಲಿ ಆ ಊರಿನವರು ಬಾಯಿ ಬಿಗಿಹಿಡಿಯುತ್ತಾರೆ. ಹೆಸರು ಹಿಡಿದು ಕೂಗಿದರೆ ಅದು ರೋಗೋನ್ ಕಿವಿಗೆ ಬೀಳುತ್ತದೆ. ಕಾಡಿನ ದೆವ್ವ ಅದು. ಒಮ್ಮೆ ಹೆಸರು ಸಿಕ್ಕಿತೋ, ಕೂಗಿದವರದೇ ದನಿಯಲ್ಲಿ ಕರೆದು ಕರೆದು ಆ ಹೆಸರಿನವರನ್ನು ಎಳೆದುಕೊಂಡು ಹೋಗುತ್ತದೆ. ಮುಖ ಕಾಣದ ಕೂಗಿಗೆ ಓಗೊಡಲೂಬಾರದು. ಇದನ್ನೆಲ್ಲ ನಂಬುತ್ತೀರಾ ಎಂದು ನಗುವವರು ಒಂದು ಸಲ ಆ ಮಂಜಿನಲ್ಲಿ ನಿಂತು ನಗಲಿ, ನೋಡೋಣ.

ಅದಕ್ಕೇ ಅವರಿಬ್ಬರೂ ಬರೀ "ಹೋಯ್" ಅನ್ನುತ್ತಿದ್ದರು. ಎಲ್ಲಿಂದಲೂ ಏನೂ ಬರುತ್ತಿರಲಿಲ್ಲ.

ಲೋಜುನ್ ತಟ್ಟನೆ ನಿಂತ. ಕಾಲ ಬಳಿ ಪಾಚಿಯ ಮೇಲೆ ಕೆಂಪಗಿನ ದೊಡ್ಡದೊಂದು ಹೂಜಿ ಕೂತಿತ್ತು. "ದೊಡ್ಡ ಹೊಟ್ಟೇದು ಸಿಕ್ತು, ಅತ್ತಿಗೆ. ಹಾದಿ ಇಲ್ಲೇ ಕೆಳಗಿದೆ. ಬಾ."

"ನಿಲ್ಲು. ಹೊಟ್ಟೆ ನೋಡಿ ಹೇಳ್ಬೇಡ, ಬಾಯಿ ನೋಡ್ಬೇಕು."

"ಅದರ ಬಾಯೊಳಗೆ ಕೈ ಹಾಕ್ತೀಯಾ? ಒಳಗೆ ಏನು ಸತ್ತು ಬಿದ್ದಿದೆಯೋ."

"ನಿಮ್ಮಣ್ಣನ್ನ ಕಟ್ಕೊಂಡೋಳಿಗೆ ಇದ್ಯಾವ ಲೆಕ್ಕ ಬಿಡು."

ಅವಳು ಬಾಯಂಚಿನ ಒಳಗೆ ಬೆರಳು ಸವರಿದಳು. ಚುಚ್ಚಿತು. ಹಲ್ಲು. ಇದು ಬೆರಕೆ, ಮುಂದಿರುವುದು ಪ್ರಪಾತ. ಲೋಜುನ್‌ನ ಬುಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದಳು. ಅವನು ಕಲ್ಲೊಂದನ್ನು ಮುಂದಕ್ಕೆ ಎಸೆದ. ಅದು ನೆಲ ಮುಟ್ಟಿದ ಸದ್ದು ಬಹಳ ಹೊತ್ತಾದ ಮೇಲೆ ಎಲ್ಲೋ ಆಳದಿಂದ ಕೇಳಿತು. ಇಬ್ಬರೂ ಪಾಚಿಯ ಮೇಲೆ ಕುಸಿದು ಕೂತರು.

ಆಮೇಲೆ ಗಿವಿನ್‌ಗೆ ಇನ್ನೊಂದು ಹೊಳೆಯಿತು. ಬೆರಳು ಒದ್ದೆಯಾಗಿರಲಿಲ್ಲ. ಈ ಸಲ ಮೊಣಕೈವರೆಗೂ ಕೈ ಇಳಿಸಿದಳು. ತಳದಲ್ಲಿ ಹುಳದ ರಾಡಿ ಬಿಟ್ಟರೆ ತೊಟ್ಟು ನೀರಿಲ್ಲ. ಪಕ್ಕದ ಹೂಜಿ ಮುಟ್ಟಿದಳು, ಅದೂ ಬರಿದು. ಅದರಾಚೆಯದೂ ಬರಿದು. ಸಾಲಾಗಿ ಪ್ರಪಾತದ ಅಂಚಿನ ಕಡೆಗೇ ಹೋಗಿದ್ದವು.

ಲೋಜುನ್‌ನ ಮುಖ ಬಿಳಿಚಿತು. "ನಮ್ಮೋರು ಯಾರೂ ಹೂಜಿ ನೀರು ಚೆಲ್ಲಲ್ಲ. ಚೆಲ್ಲಿದ್ರೆ ಮಳೆ ಬರುತ್ತೆ, ಹೊಳೆ ದಾಟೋಕಾಗಲ್ಲ ಅಂತ ಎಳೆ ಮಗೂಗೂ ಗೊತ್ತು. ಇದು ಮನುಷ್ಯರ ಕೆಲಸ ಅಲ್ಲ ಅತ್ತಿಗೆ. ನಮ್ಮನ್ನ ಅಂಚಿಗೆ ಕರೀತಿದೆ ಅದು. ಏಳು, ಹೋಗೋಣ."

ಗಿವಿನ್ ಎದ್ದಳು. ಸುಳ್ಳೇಕೆ ಹೇಳಬೇಕು, ಆ ಗಳಿಗೆಯಲ್ಲಿ ಅವಳಿಗೆ ಗಂಡನೂ ಬೇಡವಾಗಿದ್ದ, ಮನೆಯ ಒಲೆಯ ಮುಂದೆ ಹೋಗಿ ಕೂತರೆ ಸಾಕಾಗಿತ್ತು. ಬಂದ ದಿಕ್ಕಿಗೆ ತಿರುಗಿ ಮೈದುನನ ಹಿಂದೆ ನಡೆದೂ ಬಿಟ್ಟಳು. ನಡೆಯುತ್ತ ಕೈ ಒರೆಸಿಕೊಂಡಾಗ ಅಂಗೈಗೆ ಹಸಿ ಪಾಚಿ ಅಂಟಿತ್ತು. ಹೂಜಿಯೊಳಗೆ ಕೈ ಇಳಿಸುವಾಗ ಬುಡ ಹಿಡಿದಿದ್ದಳು, ಅಲ್ಲಿಂದ ಸಡಿಲವಾಗಿ ಕಿತ್ತುಬಂದ ಪಾಚಿ. ಅವಳು ನಿಂತಳು.

ಹೂಜಿ ವಾಲದಂತೆ ಯಾರೋ ಬುಡಕ್ಕೆ ಪಾಚಿ ಒತ್ತಿದ್ದರು. ಪ್ರವಾಸಿಗಳು ಎಳೆದಾಡಿ ಹೋದ ಮೇಲೆ ಸೊಂದೋಯ್ ಮಂಡಿಯೂರಿ ಮಾಡುತ್ತಿದ್ದುದು ಅದನ್ನೇ. ಹಸುಗೂಸು ಮಲಗಿಸಿದ ಹಾಗೆ ಆಡ್ತೀಯಲ್ಲ ಎಂದು ಅವಳು ಎಷ್ಟು ಸಲ ಅಣಕಿಸಿದ್ದಳೋ.

"ಲೋಜು, ರೋಗೋನ್ ನೀರು ಚೆಲ್ಲಿದ್ರೆ ಹೂಜಿಗೆ ಒತ್ತು ಕೊಟ್ಟು ಹೋಗುತ್ತಾ?"

"ಹಾಗಂದ್ರೆ?"

"ಚೆಲ್ಲಿರೋದು ನಿಮ್ಮಣ್ಣ. ಬೇರೆ ಯಾರಿಗೂ ಕಾಣ್ದೇ ಇದ್ರೂ ನನ್ನ ಕಣ್ಣಿಗೆ ಬೀಳುತ್ತೆ ಅಂತ ಚೆಲ್ಲಿದ್ದಾನೆ."

"ಹಾಗಾದ್ರೆ ನಾವು ಅಷ್ಟು ಕೂಗಿದ್ರೂ ಯಾಕೆ ಮಾತಾಡ್ತಿಲ್ಲ?"

ಯಾಕೆಂದು ಅವಳಿಗೆ ಗೊತ್ತಿತ್ತು. ಮಂಜಿನೊಳಗಿಂದ ಮುಖವಿಲ್ಲದ ದನಿ ಹೋಯ್ ಅಂದರೆ ಅವಳೇ ಆಗಿದ್ದರೂ ತುಟಿ ಬಿಚ್ಚುತ್ತಿರಲಿಲ್ಲ. ಅವನು ಜೀವಂತ ಇದ್ದರೆ ಇಲ್ಲೇ ಎಲ್ಲೋ ಬಾಯಿ ಮುಚ್ಚಿಕೊಂಡು ಇವರ ಕೂಗಿಗೆ ಹೆದರುತ್ತಿದ್ದ. ಇವರು ಹೀಗೇ ಹೊರಟುಹೋದರೆ ಇನ್ನೊಂದು ರಾತ್ರಿಯ ಚಳಿಯಲ್ಲಿ ಉಳಿಯುತ್ತಿರಲಿಲ್ಲ.

ಹೆಸರು ಕೂಗಬೇಕು. ಕೂಗಿದರೆ ಅದು ಕಾಡಿಗೂ ಕೇಳುತ್ತದೆ.

ಗಿವಿನ್ ಬರಿದಾದ ಹೂಜಿಗಳನ್ನು ತಡವುತ್ತ ತೆವಳಿಕೊಂಡು ಅಂಚಿನವರೆಗೂ ಹೋದಳು. ಕೊನೆಯದರ ಪಕ್ಕದಲ್ಲಿ ಮಣ್ಣು ಹೊಸದಾಗಿ ಕಿತ್ತುಹೋಗಿತ್ತು. ಕಣ್ಣು ಮುಚ್ಚಿ ಕೂಗಿಬಿಟ್ಟಳು.

"ಸೊಂದೋಯ್."

ಅವಳು ಮತ್ತೆ ಕೂಗಿದಳು, ಮದುವೆಯಾದಾಗಿನಿಂದ ಅಷ್ಟು ಜೋರಾಗಿ ಆ ಹೆಸರು ಹೇಳಿದವಳಲ್ಲ.

"ಅಷ್ಟ್ಯಾಕೆ ಕಿರಿಚ್ತೀಯೇ, ಇಲ್ಲೇ ಇದೀನಿ." ದನಿ ಅವಳ ಕೈಯಳತೆಯ ಕೆಳಗಿಂದಲೇ ಬಂತು.

ಅವನು ಬಂಡೆಯ ಚಾಚಿನ ಮೇಲೆ ಮುದುಡಿಕೊಂಡಿದ್ದ. ಪಾದದ ಗಂಟು ಊದಿಕೊಂಡು ಕಪ್ಪಾಗಿತ್ತು. ಲೋಜುನ್ ಬೆತ್ತದ ಬಳ್ಳಿ ಕಡಿದು ತಂದು ಇಳಿಬಿಟ್ಟ, ಇಬ್ಬರೂ ಸೇರಿ ಎಳೆದರು. ಗಿವಿನ್ ಅತ್ತಳು, ಅಳುತ್ತಲೇ ಬೈದಳು.

"ಗಂಟಲು ಹರಿಯೋ ಹಾಗೆ ಕೂಗಿದ್ವಲ್ಲ, ಕೇಳ್ಲಿಲ್ವಾ?"

"ಕೇಳ್ತು. ನೀನೋ ಅದೋ ನಂಗೆ ಹೇಗೆ ಗೊತ್ತಾಗ್ಬೇಕು? ಹೆಸರು ಹಿಡಿದು ಕೂಗಿದ್ಮೇಲೆ ಗೊತ್ತಾಯ್ತು, ಅದಕ್ಕೆ ನನ್ನ ಹೆಸರು ಎಲ್ಲಿಂದ ಸಿಗ್ಬೇಕು? ಕಾಲು ಮುರ್ಕೊಂಡಾಗಲೇ ಮಚ್ಚೂ ಕಳ್ದೋಯ್ತು. ಇರುಳಲ್ಲಿ ದಿಕ್ಕು ತಪ್ಪಿ ತೆವಳಿದ ದಾರೀಲಿ ಗುರುತು ಹಾಕೋಕೆ ನೀರು ಚೆಲ್ಲೋದು ಬಿಟ್ರೆ ಇನ್ನೇನಿತ್ತು? ಕೊನೇದಕ್ಕೆ ಪಾಚಿ ಒತ್ತುವಾಗ ಮಣ್ಣು ಜಾರ್ತು." ಅವನು ಮೇಲೆ ನೋಡಿದ. "ಮಳೆ ಬರುತ್ತೆ. ಬೇಗ ಹೋಗೋಣ."

ಮಳೆ ಬಂದೇ ಬಂತು. ಲೋಜುನ್ ಅಣ್ಣನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯುತ್ತಿದ್ದ, ಗಿವಿನ್ ಪಕ್ಕದಲ್ಲೇ ಆತುಕೊಂಡು ಬರುತ್ತಿದ್ದಳು. ಹಲ್ಲಿಲ್ಲದ ದೊಡ್ಡ ಹೊಟ್ಟೆಯ ಹೂಜಿ ಕಂಡಿತು. ಅವಳು ಬೆರಳಿಟ್ಟು ಖಾತ್ರಿ ಮಾಡಿಕೊಂಡಳು. ಹಾದಿ ಸಿಕ್ಕಿತ್ತು, ಇನ್ನೇನು ಹೊಳೆಯೊಂದೇ.

ಆಗ ಹಿಂದೆ, ಮೇಲೆ, ಬೆರಕೆ ಹೂಜಿಗಳಿದ್ದ ಕಡೆಯಿಂದ ಹೆಣ್ಣುದನಿಯೊಂದು ಕೂಗಿತು. "ಸೊಂದೋಯ್."

ದನಿ ಗಿವಿನ್‌ದು. ಗಿವಿನ್ ಬಾಯಿ ತೆರೆದಿರಲಿಲ್ಲ.

ಜ್ವರದಲ್ಲಿ ತೂಕಡಿಸುತ್ತಿದ್ದ ಸೊಂದೋಯ್ ತಲೆಯೆತ್ತಿ ಓಗೊಡಲು ತುಟಿ ಬಿಚ್ಚಿದ. ಗಿವಿನ್ ಅಂಗೈಯಿಂದ ಅವನ ಬಾಯಿ ಅದುಮಿ ಹಿಡಿದಳು. ಎದೆಮಟ್ಟದ ಹೊಳೆ ದಾಟುವಾಗಲೂ ತೆಗೆಯಲಿಲ್ಲ, ಮನೆಯ ಮೆಟ್ಟಿಲು ಹತ್ತುವಾಗಲೂ ತೆಗೆಯಲಿಲ್ಲ.