ತಾರ್ನಾಕದ ದೀಪಕನ ನಂಬರು

ಡಿಸೆಂಬರಿನ ಒಂದು ಬೆಳಿಗ್ಗೆ ಹೈದರಾಬಾದಿನ ಕಾರ್ಖಾನೆಗಳ ಬಡಾವಣೆ ನಾಚಾರಂನಿಂದ ಬಂದ ಫೋನು ಶಾಂಭವಿಯನ್ನು ಬೆಚ್ಚಿಸಿತು. ಅದು ಸತ್ತ ತಮ್ಮನನ್ನು ಕೇಳಿಕೊಂಡು ಬಂತೆಂದಲ್ಲ. ದೀಪಕ ಮೆದುಳು ಜ್ವರದಿಂದ ತೀರಿಕೊಂಡು ವರ್ಷವಾಗುತ್ತ ಬಂದಿದ್ದರೂ ಅವನನ್ನು ಕೇಳುವ ಫೋನುಗಳು ತಾರ್ನಾಕದ ಆ ಮನೆಗೆ ದಿನವೂ ಬರುತ್ತಿದ್ದವು. ಅವಳು ಬೆಚ್ಚಿದ್ದು ಕರೆ ಮಾಡಿದವನು ಓದಿ ಹೇಳಿದ ಪ್ರೊಸೆಸರಿನ ಹೆಸರಿಗೆ.

"ಅಕ್ಕಾರ, ನಾ ಅಂಬಾದಾಸ ಅಂತ್ರಿ. ನಾಚಾರಂದಾಗ ಬಾಟ್ಲಿ ಫ್ಯಾಕ್ಟರಿ ಸೂಪರ್‌ವೈಸರ. ಮಷಿನ್ ನಡಸೋ ಕಂಪ್ಯೂಟರಿಗೆ ಹೊಸಾ ಪ್ರೊಸೆಸರ್ ಹಾಕಿಸೀವಿ. ಚಾಲೂ ಏನೋ ಆಗತೈತಿ, ನಡು-ನಡುವ ನಿಂತ ಬಿಡತೈತಿ. ಸ್ಕ್ರೀನ್ ಮ್ಯಾಲೆ ದೀಪಕ್ ಸಾಹೇಬ್ರ ಹೆಸರ, ನಂಬರ ಬರಾಕತ್ತೈತಿ. ಅದಕ್ಕ ಫೋನ್ ಹಚ್ಚಿದ್ನಿ."

"ಯಾವ ಪ್ರೊಸೆಸರು?"

ಅವನು ಡಬ್ಬಿಯ ಮೇಲಿದ್ದುದನ್ನು ಅಕ್ಷರ ಬಿಡಿಸಿ ಓದಿದ. ಇಂಥ ಫೋನುಗಳಿಂದಲೇ ಶಾಂಭವಿಗೆ ಗೊತ್ತಿದ್ದಂತೆ, ಆ ಜಾತಿಯದು ಹೈದರಾಬಾದಿನ ಅಂಗಡಿಗಳಿಗೆ ಬಂದದ್ದು ಜುಲೈ ದಾಟಿದ ಮೇಲೆ. ದೀಪಕ ಸತ್ತದ್ದು ಜನವರಿಯಲ್ಲಿ. "ಅದು ಪ್ಯಾಟಿಗೆ ಬಂದಿದ್ದ ಜುಲೈ ಆದಮ್ಯಾಲಲ್ಲ?" ಎಂದುಬಿಟ್ಟಳು.

ಅಷ್ಟರಲ್ಲಿ ಕಮಲಾಕ್ಷಿ ಗೋಡೆ ಹಿಡಿದುಕೊಂಡು ಬಂದು ಮಗಳ ಕೈಯಿಂದ ರಿಸೀವರ್ ತೆಗೆದುಕೊಂಡರು. "ಹೇಳ್ರಿ. ಇಲ್ರಿ, ದೀಪಕ ಸೀಟಿನ್ಯಾಗ ಇಲ್ಲ. ಏನ್ ತಿಳಸಬೇಕು?" ಎಂದರು. ಆ ಕಡೆಯವನು ಹೇಳಿದ್ದನ್ನು ಪೂರ್ತಿ ಕೇಳಿ, ಅದನ್ನೇ ತಿರುಗಿ ಒಪ್ಪಿಸಿ, ಅವನು ಇಟ್ಟ ಸದ್ದಾದ ಮೇಲೆ ತಾವು ಇಟ್ಟರು.

ಕಮಲಾಕ್ಷಿ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದವರು. ಗದಗಿನಿಂದ ಮದುವೆಯಾಗಿ ಬಂದು, ಗಂಡ ಬೇಗ ತೀರಿಕೊಂಡ ಮೇಲೆ, ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ಕೂತೇ ಇಬ್ಬರು ಮಕ್ಕಳನ್ನು ಬೆಳೆಸಿದ್ದರು. ತೆಲುಗು, ಹಿಂದಿ, ಕನ್ನಡ ಯಾವುದರಲ್ಲಿ ಕೇಳಿದರೂ ಅದರಲ್ಲೇ ಉತ್ತರ ಬರುತ್ತಿತ್ತು. "ದೀಪಕ್ ಗಾರು ಉನ್ನಾರಾ?" ಎಂದು ತೆಲುಗಿನವರು ಕೇಳಿದರೆ "ಸೀಟ್‌ಲೋ ಲೇರಂಡಿ," ಸೀಟಿನಲ್ಲಿಲ್ಲ, ಎನ್ನುವರು. ಮಗನಿಗೆ ಸೀಟು ಎಂಬುದೇ ಇರಲಿಲ್ಲ. ಅವನು ಕೆಲಸ ಮಾಡುತ್ತಿದ್ದುದು ಹಿಂದಿನ ಕೋಣೆಯಲ್ಲಿ, ಚಾಪೆಯ ಮೇಲೆ.

ಅವನ ಕೆಲಸ ಇಷ್ಟು. ಕಂಪ್ಯೂಟರಿನ ಗುಂಡಿ ಒತ್ತಿದಾಗ ಎಲ್ಲಕ್ಕಿಂತ ಮೊದಲು ಏಳುವುದು ಬಯಾಸ್ ಎಂಬ ಪುಟ್ಟ ತಂತ್ರಾಂಶ. ಅದು ಕಂಪ್ಯೂಟರಿನೊಳಗಿನ ಬೋರ್ಡಿನ ಮೇಲಿನ ಒಂದು ಚಿಪ್ಪಿನಲ್ಲಿರುತ್ತದೆ. ಎದುರಿಗಿರುವ ಪ್ರೊಸೆಸರು ಯಾವುದೆಂದು ಗುರುತಿಸಿದರೆ ಮಾತ್ರ ಅದು ಮುಂದಕ್ಕೆ ಹೋಗುತ್ತದೆ. ಬೋರ್ಡು ತಯಾರಾದ ಮೇಲೆ ಹುಟ್ಟಿದ ಪ್ರೊಸೆಸರಿನ ಗುರುತು ಅದಕ್ಕೆ ಇರುವುದಿಲ್ಲ. ಕಂಪನಿಯವರು ಒಂದೆರಡು ವರ್ಷ ಹೊಸ ಗುರುತುಗಳನ್ನು ಸೇರಿಸಿಕೊಟ್ಟು ಕೈಬಿಡುತ್ತಾರೆ. ನಾಚಾರಂ ಕಾರ್ಖಾನೆಗಳ ಯಂತ್ರಗಳನ್ನು ನಡೆಸುವ ಕಾರ್ಡುಗಳು ಹಳೆಯ ಬೋರ್ಡುಗಳಲ್ಲಿ ಮಾತ್ರ ಕೂರುತ್ತಿದ್ದವು. ಬೋರ್ಡು ಬದಲಿಸುವಂತಿಲ್ಲ, ಸುಟ್ಟುಹೋದ ಹಳೆಯ ಪ್ರೊಸೆಸರು ಪೇಟೆಯಲ್ಲಿ ಸಿಗುವುದಿಲ್ಲ. ಕಂಪನಿ ಕೈಬಿಟ್ಟಲ್ಲಿಂದ ದೀಪಕ ಮುಂದುವರಿಸುತ್ತಿದ್ದ. ಬಯಾಸನ್ನು ಬಿಚ್ಚಿ, ಹೊಸ ಪ್ರೊಸೆಸರಿನ ಗುರುತನ್ನು ಸೇರಿಸಿ, ಮತ್ತೆ ಚಿಪ್ಪಿಗೆ ಬರೆಯುತ್ತಿದ್ದ. ಜೊತೆಗೆ, ಪರದೆ ಬೆಳಗಿದ ಕೂಡಲೇ ಕಾಣುವ ಒಂದು ಸಾಲು ಸೇರಿಸುತ್ತಿದ್ದ. ತೊಂದರೆಯಾದರೆ ದೀಪಕ್, ತಾರ್ನಾಕ. ಮುಂದೆ ಮನೆಯ ಫೋನ್ ನಂಬರು.

"ಜುಲೈ ಆದಮ್ಯಾಲೆ ಬಂದಿದ್ದು ಅಂದ್ಯಲ್ಲ," ಎಂದರು ಕಮಲಾಕ್ಷಿ, ಕುರ್ಚಿಯಲ್ಲಿ ಕೂರುತ್ತ. "ಅದಕ್ಕೂ ಅವನ ಹೆಸರ ಬರತೈತಿ. ಹ್ಯಾಂಗ ಬಂತು?"

ತಾಯಿಯ ಮುಖ ಶಾಂಭವಿಗೆ ಸರಿಬರಲಿಲ್ಲ. ಮಗನ ಪತ್ರ ಬಂದವರ ಮುಖದ ಹಾಗಿತ್ತು.

"ಅವ್ವಾ, ಗುರುವಾರ ಆಸ್ಪತ್ರಿಗೆ ಹೋಗೋದೈತಿ."

"ಗುರುವಾರ ಆಗಂಗಿಲ್ಲ. ಈ ಅಂಬಾದಾಸಂದು ಫೋನ್ ಮತ್ತ ಬರತೈತಿ."

ಕಮಲಾಕ್ಷಿಯ ಕಣ್ಣುಗಳೊಳಗೆ ಒತ್ತಡ ಏರಿತ್ತು. ಅಕ್ಕಪಕ್ಕದ ನೋಟ ಆಗಲೇ ಹೋಗಿತ್ತು. ನೇರ ಮುಂದಿರುವುದು ಮಾತ್ರ, ಕೊಳವೆಯೊಳಗಿನಿಂದ ನೋಡಿದಂತೆ ಕಾಣುತ್ತಿತ್ತು. ಹೋದದ್ದು ತಿರುಗಿ ಬರುವುದಿಲ್ಲ, ಆಪರೇಷನ್ ಮಾಡಿದರೆ ಉಳಿದದ್ದು ಉಳಿಯಬಹುದು, ತಡಮಾಡಿದರೆ ಅದೂ ಇಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಆಪರೇಷನ್ನಿಗೆ ಕೊಟ್ಟ ತಾರೀಖುಗಳನ್ನು ಕಮಲಾಕ್ಷಿ ಒಂದೊಂದಾಗಿ ತಪ್ಪಿಸಿದ್ದರು. ಫೋನು ಬಿಟ್ಟು ಅವರು ಮನೆಯ ಗೇಟು ದಾಟುತ್ತಿರಲಿಲ್ಲ.

"ಹಿಂಗ ಫೋನ್ ಕಾಯ್ಕೋತ ಕುಂತ್ರ ಕಣ್ಣ ಹೋಗ್ತಾವಬೇ."

"ಫೋನ್ ಎತ್ತಾಕ ಕಣ್ಣ ಯಾಕ ಬೇಕು?" ಎಂದರು ತಾಯಿ.

ನಂಬರನ್ನೇ ಬದಲಿಸಿಬಿಡೋಣ ಎಂದರೆ ಸಂಪರ್ಕ ಅವರ ಹೆಸರಿನಲ್ಲಿತ್ತು, ಅವರು ಸಹಿ ಹಾಕುತ್ತಿರಲಿಲ್ಲ. ಶಾಂಭವಿ ವಿಶ್ವವಿದ್ಯಾಲಯದ ಗ್ರಂಥಾಲಯದ ಕೆಲಸಕ್ಕೆ ರಜೆ ಹಾಕಿ, ಮಧ್ಯಾಹ್ನ ಸಿಕಂದರಾಬಾದಿನ ಕಂಪ್ಯೂಟರ್ ಪೇಟೆಗೆ ಹೋದಳು. ದೀಪಕನ ಜೊತೆಗಾರ ನಿತಿನನ ಅಂಗಡಿ ಮೇಲಿನ ಮಹಡಿಯಲ್ಲಿತ್ತು.

ಬೀದರಿನ ನಿತಿನ ಅವಳನ್ನು ನೋಡಿದೊಡನೆ ಸ್ಟೂಲು ಒರೆಸಿದ. ಅವಳು ಅಂಬಾದಾಸನ ದೂರನ್ನೂ ಪ್ರೊಸೆಸರಿನ ಹೆಸರನ್ನೂ ಹೇಳಿದಳು. ಅವನು ತಲೆ ತಗ್ಗಿಸಿದ.

"ಅದು ನಾನೇ ಮಾಡೀನಿ ಅಕ್ಕಾ. ಅವನ ಕೈಕೆಳಗೇ ಕಲ್ತದ್ದು. ಅವನ ಫೈಲಿಗೇ ಹೊಸಾ ಗುರ್ತು ಕೂಡಿಸ್ತಾ ಹೋಗೀನಿ. ಆ ಸೂಪರ್‌ವೈಸರ್ ಮಷಿನ್ ನಿಲ್ಲತದ ಅಂದ್ರ ಬಿಸಿ ಆಗಿರ್ಬೇಕು, ನಾಳೆ ಹೋಗಿ ನೋಡ್ತೀನಿ."

"ಮತ್ತೆ ಅವನ ಹೆಸರು, ನಮ್ಮ ನಂಬರು ಯಾಕೆ ಬಿಟ್ಟಿ? ತೆಗೀಬೇಕಿತ್ತಲ್ಲ?"

"ತೆಗ್ಯಾಕ ಆಗಲ್ಲ."

"ಅಂದರೆ?"

ನಿತಿನ ಮೇಜಿನ ಮೇಲಿದ್ದ ಬೋರ್ಡಿನಿಂದ ಚಿಪ್ಪನ್ನು ಎಬ್ಬಿಸಿ, ಬರೆಯುವ ಯಂತ್ರದಲ್ಲಿಟ್ಟ. ಕಂಪ್ಯೂಟರಿನಲ್ಲಿ ಫೈಲು ತೆರೆದು ಆ ಸಾಲನ್ನು ಅವಳೆದುರಿಗೇ ಅಳಿಸಿದ. ಅಳಿಸಿದ ಫೈಲನ್ನು ಚಿಪ್ಪಿಗೆ ಬರೆದು ಬೋರ್ಡಿನಲ್ಲಿ ಕೂರಿಸಿದ. ಗುಂಡಿ ಒತ್ತಿದ. ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಉಳಿಯಿತು. ಇಬ್ಬರೂ ಕಾದರು. ಏನೂ ಬರಲಿಲ್ಲ.

"ಪಂಖಾ ತಿರಗ್ತದ, ಜೀವ ಬರಂಗಿಲ್ಲ. ನೋಡ್ರಿ ಈಗ."

ಸಾಲನ್ನು ಮೊದಲಿದ್ದ ಹಾಗೆ ಬರೆದ. ಪರದೆ ಬೆಳಗಿತು. ಮೊದಲು ಕಂಡದ್ದು ತಮ್ಮನ ಹೆಸರು. ಆಮೇಲೆ ಉಳಿದದ್ದೆಲ್ಲ ಬಂತು.

"ಹೆಸರು ಇರಲಿ. ನಂಬರಷ್ಟೇ ಬದಲಿಸು."

"ಒಂದ್ ಅಂಕಿ ಮುಟ್ಟಿದ್ರೂ ಇದೇ ಹಣೆಬರಹ. ಒಳಗ ಎಲ್ಲೋ ಒಂದ್ ಕಾವಲು ಇಟ್ಟಾನ. ತನ್ನ ಸಾಲು ಸರಿ ಅದನೋ ಇಲ್ಲೋ ಅಂತ ನೋಡ್ತದ, ಇಲ್ಲಂದ್ರ ಮುಂದಕ್ಕೆ ಬಿಡಂಗಿಲ್ಲ. ಅದು ಎಲ್ಲಿ ಕುಂತದ ಅಂತ ಹುಡುಕಿ ಹುಡುಕಿ ಸಾಕಾಗ್ಯದ ನಂಗ."

"ಅವನು ಯಾಕೆ ಹಂಗೆ ಮಾಡಿದ?"

"ಈ ಪ್ಯಾಟಿ ಮಂದಿ ಅವನ ಫೈಲ್ ಕದ್ದು ತಮ್ದು ಅಂತ ಮಾರ್ತಿದ್ರಲ್ಲ. ಸಿಟ್ಟು ಬಂದಿತ್ತು. 'ಕದಿಯಾವ್ರು ಕದೀಲಿ, ನನ್ನ ಹೊತ್ಕೊಂಡು ಹೋಗ್ಲಿ' ಅಂದಿದ್ದ." ನಿತಿನ ನಗಲು ನೋಡಿದ. "ಹೊತ್ಕೊಂಡೇ ಹೊಂಟಾರ. ವಿಜಯವಾಡಾ, ನಾಂದೇಡ, ರಾಯಚೂರು. ಬದುಕಿದ್ದಾಗ ಸಿಕಂದರಾಬಾದ್ ದಾಟಿ ಹೋದವನಲ್ಲ ನಮ್ಮ ದೀಪಕ."

ಪಕ್ಕದ ಅಂಗಡಿಯಲ್ಲಿ ಯಾರೋ ಒಂದು ಯಂತ್ರ ಚಾಲೂ ಮಾಡಿದರು. ಶಾಂಭವಿ ಆ ಕಡೆ ನೋಡದೆ ಮೆಟ್ಟಿಲಿಳಿದಳು.

ಸಂಜೆ ಅವಳು ತಾಯಿಗೆ ಎಲ್ಲವನ್ನೂ ಹೇಳಿದಳು. ಜುಲೈ ನಂತರದ ಕೆಲಸ ನಿತಿನನದು. ಹೆಸರು ಉಳಿದಿರುವುದು ದೀಪಕ ಇಟ್ಟ ಕಾವಲಿನಿಂದ. ಯಾರೂ ತಿರುಗಿ ಬಂದಿಲ್ಲ. ಕಮಲಾಕ್ಷಿ ಅವರೆಕಾಯಿ ಬಿಡಿಸುತ್ತ ಕೇಳಿದರು. ಬೆರಳಿಗೆ ಕಣ್ಣಿನ ಸಹಾಯ ಬೇಕಿರಲಿಲ್ಲ.

"ಬಂದಾನಂತ ನಾ ಎಲ್ಲಿ ಅಂದೆ? ಅವನ ಬಾಯಿಗೆ ನೀರು ಬಿಟ್ಟಾಕಿ ನಾನು."

"ಹಂಗಾದರ ಫೋನ್ ಮಾಡಿದವರಿಗೆ ಸತ್ತಾನಂತ ಹೇಳು. ನಿಲ್ಲತಾವ."

"ಅದನ್ನ ನಾ ಎಕ್ಸ್‌ಚೇಂಜ್ ಬೋರ್ಡಿನ ಮುಂದ ಕುಂತು ಯಾರಿಗೂ ಹೇಳಿಲ್ಲ." ಕಮಲಾಕ್ಷಿ ಸಿಪ್ಪೆಯನ್ನು ಒಂದು ಕಡೆ ಸರಿಸಿದರು. "ಫ್ಯಾಕ್ಟರಿಯಾಗ ಒಮ್ಮಿ ಬಾಯ್ಲರ್ ಒಡೀತು. ಆಂಬುಲೆನ್ಸಿಗೆ ಲೈನ್ ಕೊಟ್ಟಾಕಿ ನಾನ, ಯಾರ್ ಹೋದ್ರಂತ ನಂಗ ಮೊದಲ ಗೊತ್ತಾತು. ಹಿಂದನ ಸತ್ತಾಂವನ ಹೇಣ್ತಿ ಫೋನ್ ಬಂತು. ಊಟದ ಡಬ್ಬಿ ಮರ್ತ ಹೋಗ್ಯಾರ, ಕಳಸ್ಲೇನು ಅಂದ್ಲು. ಸೀಟಿನ್ಯಾಗ ಇಲ್ರಿ ಅಂದೆ. ಸುದ್ದಿ ಹೇಳಾಕ ಸಾಹೇಬ್ರ ಜೀಪ್ ಮನಿಗೆ ಹೋಗೋ ತನಕ ಅಷ್ಟ ಹೇಳಬೇಕು. ಅದು ರೂಲು. ಅಕಿ ಎಷ್ಟ್ ಸಲ ಮಾಡಿದ್ರೂ ಅಷ್ಟ ಹೇಳಿದೆ."

"ಇಲ್ಲಿ ಯಾವ ಜೀಪ್ ಬರಬೇಕವ್ವಾ?"

ಫೋನು ಬಂತು. ಕಮಲಾಕ್ಷಿ ತಡವರಿಸುತ್ತ ಎದ್ದರು, ಬಾಗಿಲ ಪಕ್ಕದ ಕಪಾಟಿಗೆ ಭುಜ ಬಡಿಯಿತು, ಅದು ಅವರಿಗೆ ಕಂಡಿರಲಿಲ್ಲ. ನೋವನ್ನು ನುಂಗಿ, ತುಸುವೂ ನಡುಗದ ಧ್ವನಿಯಲ್ಲಿ "ಹೇಳ್ರಿ" ಎಂದರು.

ಇಡೀ ವರ್ಷ ತಾನು ಕೇಳಿದ್ದೇ ತಪ್ಪು ಎಂದು ಶಾಂಭವಿಗೆ ಆಗ ಹೊಳೆಯಿತು. ಫೋನು ನಿಲ್ಲಿಸು ಎಂದು ಮಾತ್ರ ಅವಳು ಹೇಳುತ್ತ ಬಂದಿದ್ದಳು. ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಎದ್ದು ಹೋಗಬೇಕಾದರೆ ಫೋನು ನಿಲ್ಲಬೇಕಿರಲಿಲ್ಲ. ಬದಲಿಯವಳು ಬಂದು ಪಕ್ಕದಲ್ಲಿ ಕೂತು ಹೆಡ್‌ಫೋನನ್ನು ಕಿವಿಗೆ ಹಾಕಿಕೊಳ್ಳಬೇಕಿತ್ತು. ಅಲ್ಲಿಯ ತನಕ ಮಗುವಿಗೆ ಜ್ವರವಿದ್ದರೂ ಯಾರೂ ಏಳುತ್ತಿರಲಿಲ್ಲ.

"ಗುರುವಾರ ನಾ ಕುಂದ್ರತೀನಿ," ಎಂದಳು. "ನೀ ನಿತಿನನ ಜೊತಿ ಹೋಗಿ ಬಾ."

ತಾಯಿ ಅವಳನ್ನು ಕೊಳವೆಯಂಥ ಆ ನೋಟದ ನಡುವೆ ತಂದುಕೊಂಡು ನೋಡಿದರು.

"ನೀ ನಿಜಾ ಹೇಳಿಬಿಡ್ತಿ."

"ಹೇಳಂಗಿಲ್ಲ."

"ಒಬ್ಬರಿಗೆ ಹೇಳಿದ್ರೂ ನಾ ಆಪರೇಷನ್ ಟೇಬಲ್ ಮ್ಯಾಲಿಂದ ಎದ್ದ ಬರ್ತೀನಿ ನೋಡು."

ಗುರುವಾರ ನಿತಿನ ಆಟೋ ತಂದ. "ಕಾಕು, ನಡ್ರಿ. ಡಾಕ್ಟರು ಕಾಯ್ತಾರ" ಎಂದು ಕೈ ಹಿಡಿದ. ಕಮಲಾಕ್ಷಿ ಹೊಸ್ತಿಲಲ್ಲಿ ನಿಂತು, ಶಾಂಭವಿ ಫೋನಿನ ಕುರ್ಚಿಯಲ್ಲಿ ಕೂತದ್ದನ್ನು ಖಚಿತ ಮಾಡಿಕೊಂಡ ಮೇಲೆ ಹೊರಟರು.

ಮೊದಲು ಬಂದದ್ದು ಅಂಬಾದಾಸನ ಫೋನು.

"ಅಕ್ಕಾರ, ಮಷಿನ್ ಚಲೋ ನಡದೈತ್ರಿ. ಒಬ್ಬ ಹುಡುಗ ಬಂದು ಫ್ಯಾನ್ ಬದಲಿ ಮಾಡ್ಯಾನ. ದೀಪಕ್ ಸಾಹೇಬ್ರಿಗೆ ಒಂದ್ ಮಾತ ಹೇಳಬೇಕಿತ್ತು. ಮಾಲೀಕ ನನ್ನ ತೆಗದ ಬಿಡಾಂವ ಇದ್ದ. ಅವರ ದಯಾದಿಂದ ಉಳದೆ. ಫೋನ್ ಕೊಡ್ರಲ್ಲ."

ದೂರು ಹೇಳಿದವರಿಗೆ ಸುಳ್ಳು ಹೇಳಲು ಶಾಂಭವಿ ಸಿದ್ಧಳಾಗಿದ್ದಳು. ಕೃತಜ್ಞತೆ ಹೇಳಲು ಒಬ್ಬ ಫೋನು ಮಾಡುತ್ತಾನೆಂದು ಎಣಿಸಿರಲಿಲ್ಲ.

"ಅಂಬಾದಾಸ, ಯಾರಿಗೂ ಹೇಳಬ್ಯಾಡ್ರಿ. ದೀಪಕ ಇಲ್ಲ. ಜನವರಿಯಾಗ ತೀರಿಕೊಂಡ."

ಯಂತ್ರದ ಸದ್ದನ್ನು ಮೀರಿಸಿ ಅಂಬಾದಾಸ ಕೇಳಿದ.

"ಹೋದ ಜನವರಿಯಾಗೇನ್ರಿ?"

"ಹೂಂ."

"ಇಲ್ಲ ಬಿಡ್ರಿ." ಅವನ ದನಿ ಗಡುಸಾಯಿತು. "ಈ ಪ್ರೊಸೆಸರ್ ಜುಲೈ ಆದಮ್ಯಾಲೆ ಬಂದಿದ್ದಂತ. ಅದನ್ನ ಬೋರ್ಡಿಗೆ ಒಪ್ಪಿಸಿದಾಂವ ಜನವರಿಯಾಗ ಸಾಯಾಕ ಹ್ಯಾಂಗ ಸಾಧ್ಯ? ಇವತ್ತ ಮುಂಜಾನಿ ಸುದ್ದಾ ಹೆಸರ ಬಂತು ನಮ್ಮ ಮುಂದ. ಮಾತಾಡಾಕ ಮನಸ್ಸಿಲ್ಲಂದ್ರ ಇಲ್ಲ ಅನ್ರಿ ಅಕ್ಕಾರ. ಬದುಕಿದ್ದಾವರ ಬಗ್ಗೆ ಹಂಗ ಅನಬಾರದು."

ಅವನು ಇಟ್ಟುಬಿಟ್ಟ.

ಶಾಂಭವಿ ರಿಸೀವರ್ ಇಟ್ಟಳು. ಆ ಹೊತ್ತಿನಲ್ಲಿ ಯಾವ ಯಾವ ಊರಿನಲ್ಲಿ ಯಾರ್ಯಾರು ಗುಂಡಿ ಒತ್ತುತ್ತಿದ್ದರೋ, ಎಲ್ಲೆಲ್ಲಿ ದೀಪಕನ ಹೆಸರು ಬೆಳಗಿ ಆರುತ್ತಿತ್ತೋ ಹೇಳಬಲ್ಲವರು ಯಾರೂ ಇರಲಿಲ್ಲ. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ಅದನ್ನು ತೆರೆದು ನೋಡಬೇಕೆನ್ನಿಸಿತು. ಏಳಲಿಲ್ಲ, ಏಳುವಂತಿರಲಿಲ್ಲ.

ಮತ್ತೆ ಫೋನು ಬಂತು. ಕಾಯಿನ್ ಬಾಕ್ಸಿನೊಳಗೆ ನಾಣ್ಯ ಬಿದ್ದ ಸದ್ದು, ಹಿಂದೆ ಯಾವುದೋ ಟ್ರಾಲಿಯ ಚಕ್ರಗಳು.

"ಹಲೋ," ಎಂದಿತು ತಾಯಿಯ ಧ್ವನಿ. "ದೀಪಕ ಅದಾನೇನ್ರಿ?"

ಅಂಬಾದಾಸನಿಗೆ ಹೇಳಿದ್ದು ಗೊತ್ತಾಯಿತೇ ಎಂದು ಶಾಂಭವಿಗೆ ಒಂದು ಕ್ಷಣ ಅನ್ನಿಸಿತು, ಗೊತ್ತಾಗುವ ದಾರಿಯಿರಲಿಲ್ಲ. ಬದಲಿಯವಳನ್ನು ಪರೀಕ್ಷಿಸಲು ಮಾಡಿದ ಕರೆಯೆಂದುಕೊಂಡಳು. ಆದರೆ ಪರೀಕ್ಷಿಸುವವರ ಉಸಿರು ಹೀಗೆ ಏರಿಳಿಯುವುದಿಲ್ಲ.

"ಈಗ ಇಲ್ರಿ," ಎಂದಳು. "ಏನ್ ತಿಳಸಬೇಕು?"

"ಕಮಲಾಕ್ಷಿ ಫೋನ್ ಮಾಡಿದ್ಲಂತ ಹೇಳ್ರಿ. ಆಪರೇಷನ್‌ಗೆ ಒಳಗ ಕರಿಯಾಕತ್ತಾರ. ಭಾಳ ಹೆದರಿಕಿ ಆಗೇತಿ ಅಂತ ಹೇಳ್ರಿ."

ಮಗಳಿಗೆ ಆ ಮಾತನ್ನು ಅವರು ಹೇಳಿರಲಿಲ್ಲ. ಗಂಡ ಸತ್ತಾಗಲೂ, ಮಗ ಸತ್ತಾಗಲೂ ಹೇಳಿರಲಿಲ್ಲ.

"ಕಮಲಾಕ್ಷಿಯವರು ಫೋನ್ ಮಾಡಿದ್ರು. ಆಪರೇಷನ್‌ಗೆ ಒಳಗ ಕರಿಯಾಕತ್ತಾರ. ಭಾಳ ಹೆದರಿಕಿ ಆಗೇತಿ," ಎಂದು ಶಾಂಭವಿ ಒಂದು ಶಬ್ದವೂ ಬಿಡದೆ ಒಪ್ಪಿಸಿದಳು. "ಹೇಳ್ತೀನ್ರಿ."

"ಎಷ್ಟೊತ್ತಿಗೆ ಬರ್ತಾನ?"

"ಅದನ್ನ ಹೇಳಾಕ ಬರಂಗಿಲ್ರಿ."

"ಸರಿ." ಹಿಂದಿನಿಂದ ನಿತಿನ "ಕಾಕು, ಸಿಸ್ಟರ್ ಕರಿಲಕತ್ತಾರ" ಎನ್ನುವುದು ಕೇಳಿಸಿತು. "ಹಂಗಾದರ ನಾ ಒಳಗ ಹೋಗ್ತೀನ್ರಿ."

ಲೈನು ಹೋಯಿತು. ಶಾಂಭವಿ ರಿಸೀವರನ್ನು ಕಿವಿಗೆ ಒತ್ತಿಕೊಂಡೇ ಇದ್ದಳು. ಆಮೇಲೆ, ಹಾಗೆ ಹಿಡಿದುಕೊಂಡಿದ್ದರೆ ಕರೆ ಮಾಡುವವರಿಗೆ ಲೈನು ಸಿಗುವುದಿಲ್ಲವೆಂದು ತಿಳಿದು, ಅದನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟಳು.